ಕಲ್ಲು ತೆಗೆಸಿದ್ದಾಯ್ತು, ಯಾಕೆ ಕಟ್ತು ಅಂತ ಕೇಳಿದ್ರಾ?

ಹೋದ ತಿಂಗಳು ತಿಪಟೂರು ಕಡೆ ಒಂದು ಊರಲ್ಲಿ ಸಂಜೆ ಹೊತ್ತು ಕಿಡ್ನಿ ಬಗ್ಗೆ ಮಾತಾಡಿದ್ದೆ. ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದ್ದ ಹುಡುಗರು ಇದನ್ನ ಬರೆದು ಹಾಕಿ ಡಾಕ್ಟ್ರೇ, ಬರದೇ ಇದ್ದೋರೂ ಓದ್ತಾರೆ ಅಂದ್ರು. ಮಾತಾಡಿದ ಹಾಗೇ ಬಿಟ್ಟಿದ್ದೀನಿ, ಮಧ್ಯ ಮಧ್ಯ ಬಂದ ಪ್ರಶ್ನೆಗಳೂ ಅಲ್ಲಲ್ಲೇ ಇವೆ.

ಎಲ್ರಿಗೂ ನಮಸ್ಕಾರ. ನಾನು ಏನೋ ಒಂದು ರೀತಿ ಶುರು ಮಾಡಬೇಕು ಅಂತ ಬಂದಿದ್ದೆ, ಆದ್ರೆ ಒಳಗೆ ಬರ್ತಿದ್ದ ಹಾಗೇ ಮುಂದಿನ ಸಾಲಲ್ಲಿ ಕೂತಿರೋ ಈ ಅಮ್ಮ ಒಂದು ಪೇಪರ್ ಪೊಟ್ಟಣ ಕೈಗೆ ಕೊಟ್ರು. ಬಿಚ್ಚಿ ನೋಡಿದ್ರೆ ತೊಗರಿಬೇಳೆ ಗಾತ್ರದ ಒಂದು ಕಲ್ಲು, ಇನ್ನೊಂದಿಷ್ಟು ಪುಡಿ. ಬಣ್ಣ ನೋಡಿ, ಹಳೇ ಗೋಡೆ ಸುಣ್ಣದ ಚಕ್ಕೆ ಎದ್ದಿರುತ್ತಲ್ಲ ಹಾಗಿದೆ, ಉಗುರಲ್ಲಿ ಕೆರೆದ್ರೆ ಪುಡಿ ಬರುತ್ತೆ. ಯಾವಾಗಮ್ಮ ಬಿತ್ತು ಅಂದೆ, ಯುಗಾದಿ ಆದ್ಮೇಲೆ ಅಂದ್ರು. ಇದಕ್ಕೂ ಮುಂಚೆ ಎರಡು ಸಲ ಆಪರೇಷನ್ ಮಾಡಿಸ್ಕೊಂಡು ಕಲ್ಲು ತೆಗೆಸಿದ್ದಾರೆ, ಇದು ಮೂರನೇದು, ತಾನಾಗೇ ಬಿದ್ದಿದ್ದು. ಹಿಂದೆ ತೆಗೆದ ಕಲ್ಲನ್ನ ಟೆಸ್ಟಿಗೆ ಕಳಿಸಿದ್ರಾ ಅಂದ್ರೆ ಇಲ್ಲ, ರಕ್ತದಲ್ಲಿ ಕ್ಯಾಲ್ಸಿಯಂ ನೋಡಿದ್ರಾ ಅಂದ್ರೆ ಗೊತ್ತಿಲ್ಲ. ನೀರು ಜಾಸ್ತಿ ಕುಡೀರಿ, ಟೊಮೇಟೊ ತಿನ್ಬೇಡಿ ಅಂತ ಹೇಳಿ ಕಳಿಸಿದ್ರಂತೆ, ಎಂಟು ವರ್ಷದಿಂದ ಈ ಅಮ್ಮ ಸಾರಿಗೆ ಟೊಮೇಟೊ ಹಾಕಿಲ್ಲ.

ನಾನಿವತ್ತು ಹೇಳಬೇಕು ಅಂದ್ಕೊಂಡಿದ್ದೇ ಇದು. ಕಲ್ಲು ಇದೆ ಅಂತ ಗೊತ್ತಾದ ತಕ್ಷಣ ಎಲ್ರೂ ಕೇಳೋದು ಹೇಗೆ ತೆಗೀತೀರ, ಎಷ್ಟು ಖರ್ಚಾಗುತ್ತೆ, ಏನು ಪಥ್ಯ ಅಂತ. ಯಾಕೆ ಕಟ್ತು ಅಂತ ಕೇಳೋರು ನೂರಕ್ಕೆ ಒಬ್ರೂ ಸಿಗಲ್ಲ. ಪೇಶೆಂಟ್ ಕೇಳಲ್ಲ, ಎಷ್ಟೋ ಸಲ ನಾವು ಡಾಕ್ಟ್ರೂ ಕೇಳಲ್ಲ.

ಸರಿ, ಸುಣ್ಣದ, ಅಂದ್ರೆ ಕ್ಯಾಲ್ಸಿಯಂನ ಲೆಕ್ಕ ಮೊದಲು ನೋಡೋಣ. ನಮ್ಮ ಮೈಯಲ್ಲಿ ಹತ್ತಿರ ಹತ್ತಿರ ಒಂದು ಕೆಜಿ ಕ್ಯಾಲ್ಸಿಯಂ ಇದೆ, ಅದರಲ್ಲಿ ನೂರಕ್ಕೆ 99 ಪಾಲು ಮೂಳೆ ಹಲ್ಲಿನಲ್ಲೇ. ಉಳಿದ ಚೂರುಪಾರು ರಕ್ತದಲ್ಲಿ, ಮಾಂಸಖಂಡದಲ್ಲಿ ಓಡಾಡ್ಕೊಂಡಿರುತ್ತೆ, ಆ ಚೂರು ಇಲ್ದೇ ಹೃದಯ ಬಡಿಯಲ್ಲ. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ನೀರನ್ನ ರಕ್ತದಿಂದ ಸೋಸ್ತವೆ, ಅದರ ಜೊತೆ ಹತ್ತು ಗ್ರಾಂ ಆಸುಪಾಸಿನಷ್ಟು ಕ್ಯಾಲ್ಸಿಯಂ ಕೂಡ ಸೋಸಿ ಹೋಗುತ್ತೆ, ಮತ್ತೆ ಅದರಲ್ಲಿ ನೂರಕ್ಕೆ 98 ಪಾಲನ್ನ ಹುಡುಕಿ ಹುಡುಕಿ ವಾಪಸ್ ರಕ್ತಕ್ಕೆ ಸೇರಿಸ್ತವೆ. ಹೊರಗೆ ಬರೋ ಮೂತ್ರ ಒಂದೂವರೆ ಲೀಟರ್, ಅದರಲ್ಲಿ ಕ್ಯಾಲ್ಸಿಯಂ ನೂರಿನ್ನೂರು ಮಿಲಿಗ್ರಾಂ. ಅಷ್ಟು ನೀರನ್ನ ಇಷ್ಟಕ್ಕೆ ಇಳಿಸೋದು ಅಂದ್ರೆ ಒಂದು ರೀತಿ ಪಾಕ ಬತ್ತಿಸಿದ ಹಾಗೆ, ಗಟ್ಟಿಯಾಗ್ತಾ ಆಗ್ತಾ ಅದರಲ್ಲಿರೋದು ಹರಳುಗಟ್ಟಬೇಕು. ಬೆಲ್ಲದ ಪಾಕ ತಣ್ಣಗಾದ್ಮೇಲೆ ಪಾತ್ರೆ ಅಂಚಿಗೆ ಹರಳು ಕೂರಲ್ವಾ. ಹಾಗಾಗದೇ ಇರೋಕೆ ಮೂತ್ರದಲ್ಲಿ ತಡೆಯೋ ವಸ್ತುಗಳಿವೆ, ಮುಖ್ಯವಾದ್ದು ಸಿಟ್ರೇಟ್, ಅದು ಕ್ಯಾಲ್ಸಿಯಂನ ತಾನೇ ಹಿಡ್ಕೊಂಡು ಬೇರೆಯವರ ಕೈಗೆ ಕೊಡಲ್ಲ. ನಮ್ಮಲ್ಲಿ ಬಹುಪಾಲು ಜನಕ್ಕೆ ಕಲ್ಲು ಆಗೋದೇ ಇಲ್ಲ ಅನ್ನೋದು ನನಗೆ ಇವತ್ತಿಗೂ ದೊಡ್ಡ ಆಶ್ಚರ್ಯ.

ಇಲ್ಲಿ ಎಲ್ರ ಮನೆಲೂ ಬೋರ್‌ವೆಲ್ ನೀರು ತಾನೇ? ಗೀಸರ್ ಬಿಚ್ಚಿಸಿದಾಗ ಕಾಯಿಲ್ ನೋಡಿರ್ತೀರ, ಬಿಳಿ ಪದರ ಕಟ್ಟಿ ಬೆರಳಷ್ಟು ದಪ್ಪ ಆಗಿರುತ್ತೆ. ಕಿಡ್ನೀಲೂ ಸುಣ್ಣ ಎರಡು ರೀತಿ ಕೂರುತ್ತೆ, ದಯವಿಟ್ಟು ಇದನ್ನ ಗಮನ ಇಟ್ಟು ಕೇಳಿ. ಒಂದು, ಮೂತ್ರ ಹರಿಯೋ ಜಾಗದಲ್ಲಿ ಉಂಡೆ ಕಟ್ಟೋದು, ಪೈಪೊಳಗೆ ಕಲ್ಲು ಸಿಕ್ಕೊಂಡ ಹಾಗೆ. ಅದು ಕಿಡ್ನಿ ಕಲ್ಲು. ಇನ್ನೊಂದು, ಕಿಡ್ನಿಯ ಮಾಂಸದೊಳಗೇ, ಅಂದ್ರೆ ಪೈಪಿನ ಗೋಡೆಯೊಳಗೇ ಸುಣ್ಣ ಕೂರೋದು. ಇದಕ್ಕೆ ನೆಫ್ರೋಕ್ಯಾಲ್ಸಿನೋಸಿಸ್ ಅಂತಾರೆ. ಕಲ್ಲನ್ನ ಒಡೀಬಹುದು, ಎತ್ತಬಹುದು. ಗೋಡೆಯೊಳಗಿನ ಸುಣ್ಣವನ್ನ ಯಾವ ಮೆಷಿನ್ನೂ ತೆಗೆಯೋಕೆ ಆಗಲ್ಲ, ಯಾಕೆ ಕೂರ್ತಿದೆ ಅಂತ ಕಂಡುಹಿಡಿದು ಇನ್ನು ಮುಂದೆ ಕೂರದೇ ಇರೋ ಹಾಗೆ ಮಾಡಬಹುದು ಅಷ್ಟೇ. ಸ್ಕ್ಯಾನಿಂಗ್ ರಿಪೋರ್ಟಲ್ಲಿ ಎರಡೂ ಬಿಳಿ ಚುಕ್ಕಿಯಾಗೇ ಕಾಣುತ್ತೆ, ಅದಕ್ಕೇ ಎರಡಕ್ಕೂ ಜನ ಕಲ್ಲು ಅಂತಲೇ ಹೇಳ್ತಾರೆ. ಎರಡೂ ಕಿಡ್ನೀಲಿ, ಎರಡೂ ಕಡೆ ಒಂದೇ ತರ, ತುಂಬಾ ಚುಕ್ಕಿ ಇದೆ ಅಂತ ರಿಪೋರ್ಟ್ ಬಂದ್ರೆ ಅದು ಬರೀ ಕಲ್ಲು ಅಂತ ಸುಮ್ಮನಾಗಬೇಡಿ.

ಈ ಎರಡಕ್ಕೂ ನಂಟೂ ಇದೆ. 1937ರಲ್ಲಿ ಅಲೆಕ್ಸಾಂಡರ್ ರ‍್ಯಾಂಡಲ್ ಅನ್ನೋ ಅಮೆರಿಕದ ಡಾಕ್ಟ್ರು ಸತ್ತವರ ಕಿಡ್ನಿಗಳನ್ನ ಕೂತು ಪರೀಕ್ಷೆ ಮಾಡಿ, ಕಿಡ್ನಿಯ ಒಳತುದಿಯಲ್ಲಿ ಬಿಳೀ ಮಚ್ಚೆ ತರ ಸುಣ್ಣ ಕೂತಿರುತ್ತೆ, ಕಲ್ಲು ಅದಕ್ಕೆ ಅಂಟ್ಕೊಂಡು ಬೆಳೆಯುತ್ತೆ ಅಂತ ತೋರಿಸಿದ್ರು. ಈಗಲೂ ಅದಕ್ಕೆ ರ‍್ಯಾಂಡಲ್ ಪ್ಲೇಕ್ ಅಂತಲೇ ಹೆಸರು. ಅಂದ್ರೆ ನಿಮಗೆ ನೋವು ಬಂದ ದಿನ ಕಲ್ಲು ಹುಟ್ಟಿದ್ದಲ್ಲ, ಅದರ ಬೇರು ಒಳಗೆ ಎಷ್ಟೋ ವರ್ಷದಿಂದ ಕೂತಿರುತ್ತೆ.

(ಇಲ್ಲಿ ಹಿಂದಿನ ಸಾಲಿಂದ ಒಬ್ರು ಯಜಮಾನ್ರು ಕೇಳಿದ್ರು: ಹಂಗಾದ್ರೆ ಸುಣ್ಣ ಇರೋ ಪದಾರ್ಥ ಬಿಟ್ರೆ ಆಯ್ತಲ್ಲ ಸ್ವಾಮಿ, ರಾಗಿ ಬಿಟ್ಟುಬಿಡೋದಾ?)

ಬಿಡಬೇಡಿ ಯಜಮಾನ್ರೇ, ದಯವಿಟ್ಟು ರಾಗಿ ಬಿಡಬೇಡಿ. ನನ್ನ ಓಪಿಡಿಯಲ್ಲಿ ವಾರಕ್ಕೆ ನಾಲ್ಕು ಜನ ಆದ್ರೂ ಬರ್ತಾರೆ, ಕಲ್ಲು ಇದೆ ಅಂತ ಹಾಲು ಬಿಟ್ಟೆ ಮೊಸರು ಬಿಟ್ಟೆ ಮುದ್ದೆ ಬಿಟ್ಟೆ ಅಂತ, ನೋಡಿದ್ರೆ ಮೂಳೆ ಸವೆದು ಕೂತಿರುತ್ತೆ. ನೂರು ಗ್ರಾಂ ರಾಗೀಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅದು ನಿಜ, ಅದು ರಾಗಿಯ ದೊಡ್ಡ ಗುಣ. ಬಹುಪಾಲು ಕಲ್ಲು ಕ್ಯಾಲ್ಸಿಯಂ ಆಕ್ಸಲೇಟ್, ಅಂದ್ರೆ ಕ್ಯಾಲ್ಸಿಯಂ ಒಂದೇ ಅಲ್ಲ, ಆಕ್ಸಲೇಟ್ ಅನ್ನೋ ಜೋಡಿ ಬೇಕು. ಊಟದಲ್ಲಿ ಎರಡೂ ಒಟ್ಟಿಗೆ ಹೋದ್ರೆ ಕರುಳಲ್ಲೇ ಒಂದನ್ನೊಂದು ಹಿಡ್ಕೊಂಡು ಮಲದಲ್ಲಿ ಆಚೆ ಹೋಗ್ತವೆ, ಕಿಡ್ನಿವರೆಗೂ ಬರೋದೇ ಇಲ್ಲ. ನೀವು ಕ್ಯಾಲ್ಸಿಯಂ ಬಿಟ್ರೆ ಆಕ್ಸಲೇಟಿಗೆ ಕರುಳಲ್ಲಿ ಜೋಡಿ ಸಿಗಲ್ಲ, ಅದು ರಕ್ತಕ್ಕೆ ಹೋಗಿ ಮೂತ್ರಕ್ಕೆ ಬಂದು ಅಲ್ಲಿ ಜೋಡಿ ಹುಡುಕುತ್ತೆ.

ಇದು ನಾನು ಊಹೆ ಮಾಡಿ ಹೇಳ್ತಿರೋದಲ್ಲ. 1993ರಲ್ಲಿ ಅಮೆರಿಕದಲ್ಲಿ 45 ಸಾವಿರಕ್ಕೂ ಜಾಸ್ತಿ ಗಂಡಸರ ಊಟ ಲೆಕ್ಕ ಹಾಕಿ ನೋಡಿದಾಗ ಊಟದಲ್ಲಿ ಕ್ಯಾಲ್ಸಿಯಂ ಜಾಸ್ತಿ ತಿಂದೋರಿಗೆ ಕಲ್ಲು ಕಮ್ಮಿ ಆಗಿತ್ತು, ಅಲ್ಲಿವರೆಗೆ ಡಾಕ್ಟ್ರುಗಳೇ ಹಾಲು ಬಿಡಿ ಅಂತಿದ್ರು. 2002ರಲ್ಲಿ ಇಟಲಿಯಲ್ಲಿ 120 ಜನ ಕಲ್ಲಿನ ಪೇಶೆಂಟ್‌ಗಳನ್ನ ಎರಡು ಗುಂಪು ಮಾಡಿ ಐದು ವರ್ಷ ನೋಡಿದ್ರು. ಒಂದು ಗುಂಪಿಗೆ ಕ್ಯಾಲ್ಸಿಯಂ ಕಮ್ಮಿ ಊಟ, ಇನ್ನೊಂದಕ್ಕೆ ಕ್ಯಾಲ್ಸಿಯಂ ಮಾಮೂಲಿ, ಉಪ್ಪು, ಮಾಂಸ ಎರಡೂ ಕಮ್ಮಿ. ಎರಡನೇ ಗುಂಪಲ್ಲಿ ಮತ್ತೆ ಕಲ್ಲಾದೋರು ಹೆಚ್ಚೂಕಮ್ಮಿ ಅರ್ಧಕ್ಕೆ ಇಳಿದ್ರು. ಆದ್ರಿಂದ ಕೈ ಹಿಡಿಬೇಕಾಗಿರೋದು ಉಪ್ಪಿನ ಮೇಲೆ. ಉಪ್ಪು ಜಾಸ್ತಿ ಆದಷ್ಟೂ ಕಿಡ್ನಿ ಕ್ಯಾಲ್ಸಿಯಂನ ಮೂತ್ರಕ್ಕೆ ಬಿಡುತ್ತೆ. ಮುದ್ದೆ ತಿನ್ನಿ, ಪಕ್ಕದಲ್ಲಿರೋ ಉಪ್ಪಿನಕಾಯಿ, ಹಪ್ಪಳ, ಉಪ್ಪು ಮೆಣಸಿನಕಾಯಿ ಕಮ್ಮಿ ಮಾಡಿ.

ಕ್ಯಾಲ್ಸಿಯಂ ಮಾತ್ರೆ ವಿಷಯ ಬೇರೆ. ಅಮೆರಿಕದಲ್ಲಿ 36 ಸಾವಿರ ಹೆಂಗಸರಲ್ಲಿ ಒಂದು ಗುಂಪಿಗೆ ದಿನಕ್ಕೆ ಒಂದು ಗ್ರಾಂ ಕ್ಯಾಲ್ಸಿಯಂ, ಜೊತೆಗೆ ವಿಟಮಿನ್ ಡಿ ಕೊಟ್ಟು, ಇನ್ನೊಂದು ಗುಂಪಿಗೆ ಎರಡೂ ಕೊಡದೇ ಹೋಲಿಸಿದ ಅಧ್ಯಯನದಲ್ಲಿ ಮಾತ್ರೆ ತಗೊಂಡೋರಿಗೆ ಕಲ್ಲು ಶೇಕಡ 17ರಷ್ಟು ಜಾಸ್ತಿ ಕಾಣಿಸ್ತು. ಡಾಕ್ಟ್ರು ಬರೆದುಕೊಟ್ಟಿದ್ರೆ ನಿಲ್ಲಿಸ್ಬೇಡಿ, ಊಟದ ಜೊತೆ ತಗೊಳ್ಳಿ, ಕಲ್ಲಿನ ಕಥೆ ಇದ್ರೆ ಅವರಿಗೆ ಮೊದಲೇ ಹೇಳಿ.

ಆಕ್ಸಲೇಟ್ ಅಂದ್ರೆ ಏನು ಅಂತ ಕೇಳ್ತೀರ. ಕೆಸುವಿನ ಎಲೆ ಸರಿಯಾಗಿ ಬೇಯದೇ ತಿಂದಾಗ ಗಂಟಲು ಕೆರೆಯುತ್ತಲ್ಲ, ಸುವರ್ಣಗೆಡ್ಡೆ ಹೆಚ್ಚಿದಾಗ ಕೈ ತುರಿಸುತ್ತಲ್ಲ, ಅದರೊಳಗೆ ಸೂಜಿ ತರ ಇರೋ ಹರಳುಗಳು ಕ್ಯಾಲ್ಸಿಯಂ ಆಕ್ಸಲೇಟೇ. ಕಿಡ್ನಿ ಕಲ್ಲು ಯಾವುದರಿಂದ ಆಗಿದೆಯೋ ಅದೇ ವಸ್ತು. ಟೊಮೇಟೊದಲ್ಲಿ ಆಕ್ಸಲೇಟ್ ಕಮ್ಮಿ, ಬೀಜ ಕಲ್ಲಾಗುತ್ತೆ ಅನ್ನೋದಕ್ಕೆ ಅರ್ಥವೇ ಇಲ್ಲ, ಅಮ್ಮ ನಾಳೆಯಿಂದ ಸಾರಿಗೆ ಟೊಮೇಟೊ ಹಾಕಿ. ಜಾಸ್ತಿ ಇರೋದು ಪಾಲಕ್‌ನಲ್ಲಿ, ದಂಟಿನ ಸೊಪ್ಪಲ್ಲಿ, ಬಾದಾಮಿ ಗೋಡಂಬೀಲಿ. ಸೊಪ್ಪು ಬೇಯಿಸಿದ್ರೆ ಒಂದಷ್ಟು ಆಕ್ಸಲೇಟ್ ಆ ನೀರಿಗೆ ಇಳಿಯುತ್ತೆ, ನಾವು ಅದೇ ನೀರಲ್ಲಿ ಬಸ್ಸಾರು ಮಾಡ್ತೀವಿ. ಎಲ್ರೂ ಬಸ್ಸಾರು ಬಿಡಿ ಅಂತ ನಾನು ಹೇಳ್ತಿಲ್ಲ, ನನಗೂ ಅದು ಪ್ರಾಣ. ಕಲ್ಲು ಟೆಸ್ಟ್ ಮಾಡಿಸಿ ಕ್ಯಾಲ್ಸಿಯಂ ಆಕ್ಸಲೇಟ್ ಅಂತ ಗೊತ್ತಾದೋರು ಪಾಲಕ್ ದಂಟು ಬೇಯಿಸಿದ ನೀರು ಚೆಲ್ಲಿ, ಆ ಊಟಕ್ಕೆ ಮಜ್ಜಿಗೆ ಮೊಸರು ಜೊತೆ ಇಟ್ಕೊಳ್ಳಿ, ಬಸ್ಸಾರಿಗೆ ಬೇರೆ ಸೊಪ್ಪು ನೋಡ್ಕೊಳ್ಳಿ.

ಒಂದು ಎಚ್ಚರಿಕೆ ಮಾತ್ರ ಜೋರಾಗಿ ಹೇಳ್ತೀನಿ. ಕರಾವಳೀಲಿ ಮನೆ ಹಿತ್ತಲಲ್ಲಿ ಬಿಂಬುಳಿ ಮರ ಇರುತ್ತೆ, ಗೊಂಚಲು ಗೊಂಚಲಾಗಿ ಹಸಿರು ಕಾಯಿ, ತುಂಬಾ ಹುಳಿ. ಅಡುಗೆಗೆ ನಾಲ್ಕು ಕಾಯಿ ಹಾಕಿದ್ರೆ ಏನೂ ಆಗಲ್ಲ. ಆದ್ರೆ ಕೊಲೆಸ್ಟ್ರಾಲ್ ಇಳಿಯುತ್ತೆ ಅಂತ ಯಾರೋ ಹೇಳಿದ್ದು ಕೇಳಿ ಅದರ ಜ್ಯೂಸ್ ಲೋಟಗಟ್ಟಲೆ ಕುಡಿದು, ಕೇರಳದಲ್ಲಿ ಎಷ್ಟೋ ಜನ ಕಿಡ್ನಿ ಫೇಲಾಗಿ ಆಸ್ಪತ್ರೆ ಸೇರಿದ್ದಾರೆ, ಕೆಲವರಿಗೆ ಡಯಾಲಿಸಿಸ್ ಬೇಕಾಯ್ತು. ಬಯಾಪ್ಸಿ ಮಾಡಿದ್ರೆ ಕಿಡ್ನಿ ತುಂಬಾ ಆಕ್ಸಲೇಟ್ ಹರಳು. ಧಾರೆಹುಳಿ, ನಕ್ಷತ್ರದ ಆಕಾರದ ಹಣ್ಣು, ಅದೂ ಅದೇ ಜಾತಿ, ಕಿಡ್ನಿ ತೊಂದರೆ ಇರೋರು ಅದನ್ನ ಒಂದು ಹಣ್ಣೂ ತಿನ್ನಬಾರದು, ತಲೆಗೇರಿ ಫಿಟ್ಸ್ ಬಂದು ಸತ್ತಿರೋರಿದ್ದಾರೆ.

ಈಗ ಮೂಲಕ್ಕೆ ಬರ್ತೀನಿ, ಯಾಕೆ ಕಟ್ಟುತ್ತೆ. ಇಲ್ಲಿ ಮುಟ್ಕೊಳ್ಳಿ, ಗಂಟಲ ಮುಂದೆ. ಥೈರಾಯ್ಡ್ ಗ್ರಂಥಿ ಎಲ್ರಿಗೂ ಗೊತ್ತು. ಅದರ ಬೆನ್ನಿಗೆ ನಾಲ್ಕು ಅಕ್ಕಿಕಾಳಿನಷ್ಟು ಸಣ್ಣ ಗ್ರಂಥಿಗಳಿವೆ, ಪ್ಯಾರಾಥೈರಾಯ್ಡ್. ಮನುಷ್ಯನ ದೇಹದಲ್ಲಿ ಅಷ್ಟು ತಡವಾಗಿ ಕಣ್ಣಿಗೆ ಬಿದ್ದ ಅಂಗ ಇನ್ನೊಂದಿಲ್ಲ ಅಂತಾರೆ. ಮೊದಲು ಅದನ್ನ ನೋಡಿದ್ದು ಮನುಷ್ಯರಲ್ಲೇ ಅಲ್ಲ, 1850ರ ಆಸುಪಾಸಿನಲ್ಲಿ ಲಂಡನ್ ಝೂನಲ್ಲಿ ಸತ್ತುಹೋದ ನಮ್ಮ ದೇಶದ ಒಂದು ಖಡ್ಗಮೃಗವನ್ನ ರಿಚರ್ಡ್ ಓವೆನ್ ಅನ್ನೋರು ಕೊಯ್ದು ನೋಡಿದಾಗ. ಮನುಷ್ಯರಲ್ಲಿ ಅದನ್ನ ಕಂಡಿದ್ದು 1880ರಲ್ಲಿ, ಸ್ವೀಡನ್‌ನ ಇವಾರ್ ಸಾಂಡ್‌ಸ್ಟ್ರೋಮ್. ಈ ನಾಲ್ಕು ಕಾಳುಗಳ ಕೆಲಸ ಒಂದೇ, ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿರಬೇಕೋ ಅಷ್ಟೇ ಇಡೋದು, ನೂರು ಮಿಲಿಲೀಟರ್‌ಗೆ ಎಂಟೂವರೆಯಿಂದ ಹತ್ತೂವರೆ ಮಿಲಿಗ್ರಾಂ ಒಳಗೆ. ಕಮ್ಮಿ ಆದ್ರೆ ಮೂಳೆಯಿಂದ ಕಿತ್ತು ರಕ್ತಕ್ಕೆ ಹಾಕಿಸ್ತವೆ. ಅದರಲ್ಲಿ ಒಂದು ಕಾಳು ಗಡ್ಡೆ ಆಗಿ ಊದ್ಕೊಂಡ್ರೆ, ಇನ್ನು ಸಾಕು ಅನ್ನೋದೇ ಅದಕ್ಕೆ ಗೊತ್ತಾಗಲ್ಲ, ಕೀಳ್ತಾನೇ ಇರುತ್ತೆ. ಮೂಳೆ ಟೊಳ್ಳಾಗುತ್ತೆ, ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತೆ, ಮೂತ್ರಕ್ಕೆ ಹರಿಯುತ್ತೆ, ಕಿಡ್ನೀಲಿ ಕೂರುತ್ತೆ.

ಚಾರ್ಲ್ಸ್ ಮಾರ್ಟೆಲ್ ಅಂತ ಒಬ್ಬ ಅಮೆರಿಕದ ಹಡಗಿನ ಕ್ಯಾಪ್ಟನ್ ಇದ್ದ. ಆರಡಿ ಮೇಲಿದ್ದ ಆಳು, 1918ರಿಂದ ಮೈಕೈ ನೋವು, ಮೂಳೆ ಮುರಿಯೋದು, ಮೂತ್ರದಲ್ಲಿ ಕಲ್ಲು ಪುಡಿ. ನೋಡ್ತಾ ನೋಡ್ತಾ ಎತ್ತರದಲ್ಲಿ ಏಳು ಇಂಚು ಕುಗ್ಗಿಹೋದ, ಬೆನ್ನುಮೂಳೆ ಕುಸಿದು. 1926ರಲ್ಲಿ ಡಾಕ್ಟ್ರುಗಳಿಗೆ ಗೊತ್ತಾಯ್ತು ಇದು ಪ್ಯಾರಾಥೈರಾಯ್ಡ್ ಅಂತ, ಕುತ್ತಿಗೆ ಕೊಯ್ದು ಹುಡುಕಿದ್ರು, ಗಡ್ಡೆ ಸಿಗಲಿಲ್ಲ. ಮತ್ತೆ ಹುಡುಕಿದ್ರು. ಆರು ಸಲ. ಆ ಮನುಷ್ಯ ತಾನೇ ಲೈಬ್ರರೀಲಿ ಕೂತು ಅನಾಟಮಿ ಪುಸ್ತಕ ಓದಿ, ಎದೆಯೊಳಗೆ ನೋಡಿ ಅಂತ ಹಠ ಹಿಡಿದ. 1932ರಲ್ಲಿ ಏಳನೇ ಆಪರೇಷನ್, ಎದೆಗೂಡು ತೆರೆದು ನೋಡಿದ್ರೆ ಗಡ್ಡೆ ಅಲ್ಲೇ ಇತ್ತು. ತೆಗೆದ್ರು. ಆದ್ರೆ ಕಿಡ್ನಿ ಅಷ್ಟರಲ್ಲಿ ಹಾಳಾಗಿತ್ತು, ಆರು ವಾರದ ಮೇಲೆ ಮೂತ್ರನಾಳದಲ್ಲಿ ಸಿಕ್ಕಿಹಾಕ್ಕೊಂಡ ಒಂದು ಕಲ್ಲು ತೆಗೆಯೋ ಆಪರೇಷನ್ ಆದ್ಮೇಲೆ ತೀರ್ಕೊಂಡ. ಅವನ ಚಿಕಿತ್ಸೇಲಿ ಜೊತೆಗಿದ್ದ ಫುಲ್ಲರ್ ಆಲ್‌ಬ್ರೈಟ್ ಅನ್ನೋ ಡಾಕ್ಟ್ರೇ, ಈ ಕಾಯಿಲೇಲಿ ಕಿಡ್ನಿ ಮಾಂಸದೊಳಗೆ ಸುಣ್ಣ ಕೂರುತ್ತೆ ಅಂತ 1934ರಲ್ಲಿ ಬರೆದಿಟ್ಟಿದ್ದು.

ಇದನ್ನ ಹೇಳಿದ್ದು ಯಾಕೆ ಅಂದ್ರೆ ಆಗ ಅವನ ಕಾಲದಲ್ಲಿ ಹುಡುಕೋಕೆ ಏಳು ಸಲ ಕೊಯ್ಯಬೇಕಾಗಿತ್ತು. ಈಗ ರಕ್ತದ ಕ್ಯಾಲ್ಸಿಯಂ ಟೆಸ್ಟು ತಾಲ್ಲೂಕು ಲ್ಯಾಬಲ್ಲೂ ಆಗುತ್ತೆ. ಜಾಸ್ತಿ ಇದ್ರೆ ಪಿಟಿಎಚ್, ಅಂದ್ರೆ ಈ ಪ್ಯಾರಾಥೈರಾಯ್ಡ್ ಬಿಡೋ ಹಾರ್ಮೋನ್ ಎಷ್ಟಿದೆ ಅಂತ ನೋಡೋ ಇನ್ನೊಂದು ಟೆಸ್ಟ್, ಅದೂ ಜಾಸ್ತಿ ಇದ್ರೆ ಸ್ಕ್ಯಾನ್ ಮಾಡಿ ಯಾವ ಕಾಳು ಊದಿದೆ ನೋಡಿ ತೆಗೆದುಬಿಡ್ತಾರೆ, ಬಹುಪಾಲು ಜನಕ್ಕೆ ಕಾಯಿಲೆ ಅಲ್ಲಿಗೇ ಹೋಗುತ್ತೆ. ಮುಟ್ಟು ನಿಂತ ಹೆಂಗಸರಲ್ಲಿ ಇದು ಜಾಸ್ತಿ. ಮೈಕೈ ನೋವು, ಸುಸ್ತು, ಮಲಬದ್ಧತೆ, ಬೇಜಾರು, ಮನೇಲಿ ವಯಸ್ಸಾಯ್ತಲ್ಲ ಬಿಡು ಅಂತಾರೆ. ಕಲ್ಲು ಪದೇ ಪದೇ ಆಗ್ತಿರೋ ಅಮ್ಮಂದಿರಿಗೆ ಆ ಒಂದು ಟೆಸ್ಟ್ ಮಾಡಿಸದೇ ಬಿಟ್ರೆ ನನಗೆ ಹೊಟ್ಟೆ ಉರಿಯುತ್ತೆ.

ಎರಡನೇ ಕಾರಣ, ಇದನ್ನ ಒಬ್ಬ ಹುಡುಗಿ ಕಥೆಯಿಂದ ಹೇಳ್ತೀನಿ, ಹೆಸರು ಬೇಡ. ಇಪ್ಪತ್ತೆಂಟು ವಯಸ್ಸು, ಗಾರ್ಮೆಂಟ್ಸ್ ಕೆಲಸ. ಒಂದಿನ ಬೆಳಿಗ್ಗೆ ಎದ್ದೇಳೋಕೆ ಹೋದ್ರೆ ಕೈಕಾಲು ಬರ್ತಿಲ್ಲ, ಲಕ್ವ ಹೊಡೀತು ಅಂತ ಗಾಬರಿಯಾಗಿ ಎತ್ಕೊಂಡು ಬಂದ್ರು. ರಕ್ತದಲ್ಲಿ ಪೊಟ್ಯಾಷಿಯಂ 1.9, ಮೂರೂವರೆ ಮೇಲಿರಬೇಕು. ಎಕ್ಸ್‌ರೇ ತೆಗೆದ್ರೆ ಎರಡೂ ಕಿಡ್ನೀಲಿ ಚುಕ್ಕಿ ರಂಗೋಲಿ ಇಟ್ಟ ಹಾಗೆ ಸುಣ್ಣ. ಅವರ ತಾಯಿ ಹೇಳಿದ್ರು, ಆರು ವರ್ಷದಿಂದ ಕಲ್ಲು ಇದೆ ಅಂತ ಗೊತ್ತು ಸಾರ್, ಕಾಡುಬಸಳೆ ಎಲೆ ತಿನ್ನಿಸ್ತಿದ್ವಿ. ಅಷ್ಟರಲ್ಲಿ ವಾರ್ಡಲ್ಲಿ ಊಟ ಬಂತು, ಆ ಹುಡುಗಿಗೆ ತುತ್ತು ತುತ್ತಿಗೂ ಒಂದು ಗುಟುಕು ನೀರು ಬೇಕು, ನೀರಿಲ್ದೇ ಮುದ್ದೆ ಗಂಟಲಲ್ಲಿ ಇಳೀತಿಲ್ಲ, ನಮ್ಮ ಸಿಸ್ಟರ್ ಅದನ್ನ ಗಮನಿಸಿ ನನಗೆ ಹೇಳಿದ್ರು. ಕಣ್ಣಲ್ಲಿ ಮರಳು ಬಿದ್ದ ಹಾಗಿರುತ್ತಾ ಅಂದೆ, ಹೂಂ ಅಂದ್ಲು.

ಕಣ್ಣು ಬಾಯಿ ಒಣಗಿಸೋ ಶೋಗ್ರೆನ್ ಅಂತ ಒಂದು ಕಾಯಿಲೆ ಇದೆ, ಅದು ಕಿಡ್ನಿ ಮೇಲೂ ಬೀಳುತ್ತೆ. ದೇಹದಲ್ಲಿ ದಿನಾ ಹುಟ್ಟೋ ಆಸಿಡ್‌ನ ಮೂತ್ರಕ್ಕೆ ಹಾಕೋದು ಕಿಡ್ನಿ ಕೆಲಸ, ಆ ಕೆಲಸ ಕೆಟ್ಟರೆ ರೀನಲ್ ಟ್ಯುಬ್ಯುಲರ್ ಅಸಿಡೋಸಿಸ್, ನಾವು ಆರ್‌ಟಿಎ ಅಂತೀವಿ. ಆಸಿಡ್ ರಕ್ತದಲ್ಲೇ ಉಳಿಯುತ್ತೆ, ಅದನ್ನ ತಣಿಸೋಕೆ ಮೂಳೆ ತನ್ನ ಸುಣ್ಣ ಬಿಟ್ಟುಕೊಡುತ್ತೆ, ಆ ಸುಣ್ಣ ಮೂತ್ರಕ್ಕೆ ಬರುತ್ತೆ, ಅದನ್ನ ಹಿಡೀಬೇಕಾದ ಸಿಟ್ರೇಟ್ ಅಲ್ಲಿ ಇರಲ್ಲ, ಮೂತ್ರ ಬೇರೆ ಆಸಿಡ್ ಇಲ್ದೇ ಸಪ್ಪೆಯಾಗಿರುತ್ತೆ, ಅಂಥ ಮೂತ್ರದಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಸುಲಭವಾಗಿ ಹರಳಾಗುತ್ತೆ. ಜೊತೆಗೆ ಪೊಟ್ಯಾಷಿಯಂ ಸೋರಿಹೋಗಿ ಕೈಕಾಲು ಬಿದ್ದುಹೋಗುತ್ತೆ. ಆ ಹುಡುಗಿಗೆ ಪೊಟ್ಯಾಷಿಯಂ ಕೊಟ್ಟು, ಸೋಡಾ ಮಾತ್ರೆ, ಸಿಟ್ರೇಟ್ ಸಿರಪ್ ಶುರು ಮಾಡಿದ್ವಿ, ಮೂರನೇ ದಿನ ನಡ್ಕೊಂಡು ಮನೆಗೆ ಹೋದ್ಲು. ಕಿಡ್ನೀಲಿ ಕೂತ ಸುಣ್ಣ ಹೋಗಿಲ್ಲ, ಹಾಗೇ ಇದೆ. ಹೊಸದು ಕೂರ್ತಿಲ್ಲ. ಆ ಆರು ವರ್ಷ ಮೊದಲೇ ಯಾರಾದ್ರೂ ಒಂದು ಪೊಟ್ಯಾಷಿಯಂ, ಒಂದು ಬೈಕಾರ್ಬನೇಟ್, ಮೂತ್ರದ ಪಿಎಚ್, ಅಂದ್ರೆ ಅದರಲ್ಲಿ ಆಸಿಡ್ ಎಷ್ಟಿದೆ ಅನ್ನೋ ಅಳತೆ, ನೋಡಿದ್ದಿದ್ರೆ ಅಂತ ನನಗೆ ಈಗಲೂ ಅನ್ಸುತ್ತೆ.

ಆರ್‌ಟಿಎ ಹುಟ್ಟಿನಿಂದಲೂ ಬರಬಹುದು, ಅಂಥ ಮಕ್ಕಳು ಬೆಳೆಯಲ್ಲ, ಕಾಲು ಬಿಲ್ಲಿನ ತರ ಬಾಗುತ್ತೆ, ಕೆಲವು ಮಕ್ಕಳಿಗೆ ಕಿವಿಯೂ ಕೇಳಿಸಲ್ಲ. ಇನ್ನೊಂದು, ಲಿವರ್‌ನಲ್ಲಿ ಒಂದು ಕಿಣ್ವ ಇಲ್ದೇ ದೇಹವೇ ಆಕ್ಸಲೇಟ್ ಮಿತಿಮೀರಿ ತಯಾರು ಮಾಡೋ ಕಾಯಿಲೆ, ಪ್ರೈಮರಿ ಹೈಪರಾಕ್ಸಲೂರಿಯಾ. ಇವುಗಳಲ್ಲಿ ಎಷ್ಟೋ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದ್ರೆ ಬರೋವು, ನಮ್ಮಲ್ಲಿ ಸೋದರಮಾವನ ಜೊತೆ, ಅತ್ತೆ ಮಗನ ಜೊತೆ ಮದುವೆ ಜಾಸ್ತಿ, ಅಂಥ ಮನೇಲಿ ಸಾಧ್ಯತೆ ಹೆಚ್ಚು. ಆಕ್ಸಲೇಟ್ ಕಾಯಿಲೆಗೆ 2020ರಲ್ಲಿ ಲುಮಾಸಿರಾನ್ ಅಂತ ಇಂಜೆಕ್ಷನ್‌ಗೆ ಅಮೆರಿಕ, ಯುರೋಪಲ್ಲಿ ಒಪ್ಪಿಗೆ ಸಿಕ್ತು, ಆದ್ರೆ ಅದರ ಬೆಲೆ ನಮ್ಮಂಥ ಮನೆಗಳ ಕೈಗೆ ಎಟುಕೋದಲ್ಲ. ಚಿಕ್ಕ ಮಗುಗೆ ಕಲ್ಲು ಅಂದ್ರೆ ಅದನ್ನ ಯಾವತ್ತೂ ಸಾಮಾನ್ಯ ಅಂತ ಬಿಡಬೇಡಿ, ಮಕ್ಕಳ ಕಿಡ್ನಿ ಡಾಕ್ಟ್ರ ಹತ್ರ ಕರ್ಕೊಂಡ್ ಹೋಗಿ.

ಮೂರನೇದು ನಮ್ಮ ಕೈಯಾರೆ ಮಾಡ್ಕೊಳ್ಳೋದು. ವಿಟಮಿನ್ ಡಿ ಸ್ಯಾಷೆ ಎಲ್ರ ಮನೇಲೂ ಇದೆ, 60 ಸಾವಿರ ಯೂನಿಟ್‌ದು. ಅದು ವಾರಕ್ಕೊಂದು, ಅದೂ ಸಾಮಾನ್ಯವಾಗಿ ಎಂಟು ವಾರ. ದಿನಾ ಒಂದು ಹಾಲಿಗೆ ಹಾಕ್ಕೊಂಡು ಕುಡಿದೋರನ್ನ ನಾನು ನೋಡಿದ್ದೀನಿ, ಚೀಟಿ ತೋರಿಸಿ ಮೆಡಿಕಲ್‌ನಲ್ಲಿ ತಿಂಗಳು ತಿಂಗಳು ತಗೊಂಡು ವರ್ಷಗಟ್ಟಲೆ ಮುಂದುವರಿಸಿದೋರನ್ನೂ ನೋಡಿದ್ದೀನಿ. ಜೊತೆಗೆ ಮಂಡಿನೋವಿಗೆ ಅಂತ ಆರು ಲಕ್ಷ ಯೂನಿಟ್‌ನ ವಿಟಮಿನ್ ಡಿ ಇಂಜೆಕ್ಷನ್ನು ಮೇಲಿಂದ ಮೇಲೆ. ಕ್ಯಾಲ್ಸಿಯಂ ಏರಿ ವಾಂತಿ, ಗೊಂದಲ, ಕಿಡ್ನಿ ಫೇಲ್. ಆ ಚೀಟಿ ಮೇಲೆ ಎಷ್ಟು ವಾರ ಅಂತ ಬರೆದಿದೆ ಅಂತ ಮನೆಗೆ ಹೋಗಿ ನೋಡಿ.

(ಒಬ್ರು ಅಜ್ಜಿ ಎದ್ದು ನಿಂತು ಕೇಳಿದ್ರು: ನಾನು ಎಲೆ ಅಡಿಕೆ ಹಾಕ್ತೀನಪ್ಪ, ಸುಣ್ಣ ಹಚ್ಚೇ ಹಚ್ತೀನಿ, ನಂಗೂ ಬರ್ತದಾ?)

ಅಜ್ಜಿ, ಒಳ್ಳೇ ಪ್ರಶ್ನೆ. ಎಲೆ ಹಿಂದೆ ಸವರೋ ಸುಣ್ಣ ಹೊಟ್ಟೆಗೆ ಹೋಗೋ ಕ್ಯಾಲ್ಸಿಯಂ ಹೌದು, ಜೊತೆಗೆ ಅದು ಕ್ಷಾರ. ಕ್ಯಾಲ್ಸಿಯಂ, ಕ್ಷಾರ ಎರಡೂ ಮಿತಿಮೀರಿ ಒಟ್ಟಿಗೆ ಹೋದ್ರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತೆ, ಹಿಂದೆ ಅಲ್ಸರ್‌ಗೆ ಹಾಲು, ಸೋಡಾ ಲೆಕ್ಕವಿಲ್ದೇ ಕೊಡ್ತಿದ್ದ ಕಾಲದಲ್ಲಿ ಇದೇ ಆಗ್ತಿತ್ತು. ಎಲೆ ಅಡಿಕೆ ಸುಣ್ಣ ತುಂಬಾ ಹಾಕೋರಲ್ಲೂ ಹೀಗಾಗಿದ್ದನ್ನ, ಕಲ್ಲು ಜಾಸ್ತಿ ಆಗಿದ್ದನ್ನ ವೈದ್ಯರು ದಾಖಲಿಸಿದ್ದಾರೆ. ನೀವು ದಿನಕ್ಕೆ ಎಷ್ಟು ಸಲ ಹಾಕ್ತೀರ? (ಲೆಕ್ಕ ಇಟ್ಟಿಲ್ಲ ಅಂದ್ರು.) ಹಂಗಾದ್ರೆ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿಬಿಡೋಣ, ಬಾಯಿ ಕ್ಯಾನ್ಸರ್ ಭಯಕ್ಕಂತೂ ಅಡಿಕೆ ಬಿಟ್ರೇ ಒಳ್ಳೇದು ಅಜ್ಜಿ, ಅದನ್ನ ಹೇಳದೇ ಇರೋಕೆ ನನಗೆ ಆಗಲ್ಲ.

ಹುರುಳಿ ನೀರು, ಬಾಳೆದಿಂಡು, ಕಾಡುಬಸಳೆ ಬಗ್ಗೆ ಚೀಟಿ ತುಂಬಾ ಬಂದಿವೆ. ಕ್ಯಾಲ್ಸಿಯಂ ಕಲ್ಲು ಒಂದ್ಸಲ ಕಟ್ಟಿದ ಮೇಲೆ ಅದನ್ನ ಕರಗಿಸೋ ಔಷಧಿ ಇವತ್ತಿಗೂ ಯಾವ ಪದ್ಧತಿಯಲ್ಲೂ ಸಾಬೀತಾಗಿಲ್ಲ. ಯೂರಿಕ್ ಆಸಿಡ್ ಕಲ್ಲು ಮಾತ್ರ ಸಿಟ್ರೇಟ್ ತರದ ಔಷಧಿಯಿಂದ ಕರಗುತ್ತೆ. ಮತ್ತೆ ನಮ್ಮ ಭಾವನಿಗೆ ದಿಂಡಿನ ರಸ ಕುಡಿದೇ ಬಿದ್ದುಹೋಯ್ತಲ್ಲ ಅಂತೀರ, ಐದು ಮಿಲಿಮೀಟರ್ ಒಳಗಿನ ಕಲ್ಲು ಬಹುಪಾಲು ತಾನಾಗೇ ಬೀಳುತ್ತೆ, ಹುರುಳಿ ಕಟ್ಟು ಕುಡಿದಾಗ ಅದರ ಜೊತೆ ನೀರೂ ಹೊಟ್ಟೆಗೆ ಹೋಗುತ್ತಲ್ಲ. ಅಡುಗೆಯಾಗಿ ಸಂತೋಷವಾಗಿ ತಿನ್ನಿ, ಹುರುಳಿ ಸಾರಿಗೆ ಸಮ ಯಾವುದಿದೆ. ಆದ್ರೆ ಅದನ್ನ ನಂಬ್ಕೊಂಡು ಸ್ಕ್ಯಾನ್ ಮಾಡಿಸದೇ ವರ್ಷಗಟ್ಟಲೆ ಕೂರಬೇಡಿ, ನೋವಿಲ್ಲದೇ ಅಡ್ಡ ನಿಂತ ಕಲ್ಲು ಇಡೀ ಕಿಡ್ನಿಯನ್ನ ಸದ್ದಿಲ್ಲದೇ ಮುಗಿಸಿಬಿಡುತ್ತೆ.

ನೀರಿನ ಮಾತು ಎಲ್ರಿಗೂ ಗೊತ್ತು, ಆದ್ರೆ ಅಳತೆ ಗೊತ್ತಿಲ್ಲ. ಎಷ್ಟು ಕುಡಿದ್ರಿ ಅನ್ನೋದಕ್ಕಿಂತ ಎಷ್ಟು ಮೂತ್ರ ಹೋಯ್ತು ಅನ್ನೋದು ಮುಖ್ಯ, ಕಲ್ಲಾದೋರಿಗೆ ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಬರಬೇಕು, ಬೇಸಿಗೇಲಿ ತೋಟದಲ್ಲಿ ಬೆವರು ಸುರಿಸೋರಿಗೆ ಅದಕ್ಕೆ ನಾಲ್ಕು ಲೀಟರ್ ಕುಡಿದ್ರೂ ಸಾಲದೇ ಹೋಗಬಹುದು. ಇಟಲಿಯಲ್ಲೇ 1996ರಲ್ಲಿ 199 ಜನರ ಮೇಲೆ ಮಾಡಿದ ಇನ್ನೊಂದು ಅಧ್ಯಯನದಲ್ಲಿ, ನೀರು ಜಾಸ್ತಿ ಕುಡಿದ ಗುಂಪಲ್ಲಿ ಐದು ವರ್ಷಕ್ಕೆ ನೂರಕ್ಕೆ 12 ಜನಕ್ಕೆ ಮತ್ತೆ ಕಲ್ಲಾಯ್ತು, ಇನ್ನೊಂದು ಗುಂಪಲ್ಲಿ 27. ಬರೀ ನೀರಿಂದ. ಒಂದು ನಿಂಬೆಹಣ್ಣು ಹಿಂಡ್ಕೊಂಡ್ರೆ ಸಿಟ್ರೇಟೂ ಸಿಗುತ್ತೆ. ಬೋರ್‌ವೆಲ್ ಗಡಸು ನೀರಿಂದಲೇ ಕಲ್ಲು ಅಂತ ಎಲ್ರೂ ಹೇಳ್ತಾರೆ, ಅದು ಖಚಿತವಾಗಿ ಸಾಬೀತಾಗಿಲ್ಲ, ಗಡಸು ನೀರು ಅಂತ ಕಮ್ಮಿ ಕುಡಿಯೋದೇ ಹೆಚ್ಚು ಅಪಾಯ. ಕಿಡ್ನಿ ಆಗಲೇ ಫೇಲಾಗಿರೋರಿಗೆ ಮಾತ್ರ ಈ ಲೆಕ್ಕ ಅಲ್ಲ, ಅವರಿಗೆ ಜಾಸ್ತಿ ನೀರೂ ಎಳನೀರೂ ಅಪಾಯ, ಅವರ ಡಾಕ್ಟ್ರನ್ನ ಕೇಳಬೇಕು.

ಆದ್ರೆ ನೀರು ಕುಡೀರಿ ಅಂತ ಹೇಳೋದು ಸುಲಭ. ಬಸ್ ಕಂಡಕ್ಟರ್ ಹೆಣ್ಣುಮಕ್ಕಳು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಹೈಸ್ಕೂಲ್ ಹುಡುಗೀರು ಬೆಳಿಗ್ಗೆಯಿಂದ ಸಂಜೆವರೆಗೂ ಒಂದು ಲೋಟ ನೀರು ಕುಡಿಯಲ್ಲ, ಯಾಕೆ ಅಂದ್ರೆ ಹೋಗೋಕೆ ಜಾಗ ಇಲ್ಲ, ಇದ್ರೆ ಬಾಗಿಲಿಗೆ ಚಿಲಕ ಇಲ್ಲ. ಇಲ್ಲಿ ಶಾಲೆಯ ಎಸ್‌ಡಿಎಂಸಿಯವರು ಕೂತಿದ್ದೀರ, ಆ ಟಾಯ್ಲೆಟ್‌ಗೆ ಚಿಲಕ, ನೀರು ಇದೆಯಾ ಅಂತ ಈ ವಾರ ನೋಡಿ. ನಾನು ಬರೆಯೋ ಮಾತ್ರೆಗಿಂತ ಅದು ಹೆಚ್ಚು ಕೆಲಸ ಮಾಡುತ್ತೆ.

ಚಿಕಿತ್ಸೆ ಬಗ್ಗೆ ಬೇಗ ಹೇಳ್ತೀನಿ. ಹೊರಗಿಂದ ತರಂಗ ಬಿಟ್ಟು ಕಲ್ಲು ಒಡೆಯೋದು ಜರ್ಮನಿಯ ಮ್ಯೂನಿಕ್‌ನಲ್ಲಿ 1980ರಲ್ಲಿ ಶುರುವಾಯ್ತು, ಆಮೇಲೆ ದುರ್ಬೀನು, ಲೇಸರ್ ಬಂದಿವೆ, ಯಾವುದು ಅಂತ ಸರ್ಜನ್ ನಿರ್ಧಾರ ಮಾಡ್ತಾರೆ. ಜ್ವರ ಚಳಿ ಜೊತೆ ಕಲ್ಲಿನ ನೋವು ಬಂದ್ರೆ, ಮೂತ್ರವೇ ನಿಂತ್ರೆ, ರಾತ್ರಿ ಎರಡು ಗಂಟೆ ಆದ್ರೂ ಆಸ್ಪತ್ರೆಗೆ ಹೋಗಬೇಕು, ಬೆಳಿಗ್ಗೆವರೆಗೂ ಕಾಯಬಾರದು. ಮತ್ತೆ ಆಪರೇಷನ್ ಟೈಮಲ್ಲಿ ಒಳಗೆ ಡಿಜೆ ಸ್ಟೆಂಟ್ ಅಂತ ಒಂದು ಸಣ್ಣ ಟ್ಯೂಬ್ ಇಟ್ಟಿರ್ತಾರೆ, ಕೆಲವು ವಾರ ಆದ್ಮೇಲೆ ತೆಗೀಬೇಕು. ನೋವು ಹೋಯ್ತು ಅಂತ ಜನ ವಾಪಸ್ ಹೋಗೋದೇ ಇಲ್ಲ. ಎರಡು ವರ್ಷ ಆದ್ಮೇಲೆ ಬಂದ ಒಬ್ಬ ರೈತರ ಎಕ್ಸ್‌ರೇ ನನ್ನ ಹತ್ರ ಇದೆ, ಟ್ಯೂಬಿನ ಎರಡೂ ತುದೀಲಿ ನಿಂಬೆಹಣ್ಣಿನಷ್ಟು ಕಲ್ಲು ಕಟ್ಟಿದೆ, ಕಲ್ಲು ತೆಗೆಯೋಕೆ ಅಂತ ಹಾಕಿದ ಟ್ಯೂಬಿಗೇ ಸುಣ್ಣ ಹತ್ತಿ. ನಿಮ್ಮ ಮನೇಲಿ ಯಾರಿಗಾದ್ರೂ ಸ್ಟೆಂಟ್ ಹಾಕಿದ್ರೆ ತೆಗೆಸೋ ತಾರೀಕನ್ನ ಕ್ಯಾಲೆಂಡರ್ ಮೇಲೆ ಕೆಂಪು ಪೆನ್ನಲ್ಲಿ ಬರೀರಿ.

(ಕೊನೇಲಿ ಒಬ್ಬ ಹುಡುಗ ಕೇಳ್ದ: ಸರ್, ಹಾಗಾದ್ರೆ ಡಾಕ್ಟ್ರ ಹತ್ರ ಏನಂತ ಕೇಳಬೇಕು?)

ಬರ್ಕೊಳ್ಳಪ್ಪ. ಕಲ್ಲು ಬೀಳೋ ಟೈಮಲ್ಲಿ ಟೀ ಸೋಸೋ ಹಳೇ ಜಾಲರಿ ಹಿಡಿದು ಕಲ್ಲು ಹಿಡ್ಕೋ, ತೊಳೆದು ಒಣಗಿಸಿ ಡಬ್ಬೀಲಿಡು, ಲ್ಯಾಬಿಗೆ ಕೊಟ್ರೆ ಯಾವ ಕಲ್ಲು ಅಂತ ಹೇಳ್ತಾರೆ. ರಕ್ತದಲ್ಲಿ ಕ್ಯಾಲ್ಸಿಯಂ, ಫಾಸ್ಫರಸ್, ಯೂರಿಕ್ ಆಸಿಡ್, ಕ್ರಿಯಾಟಿನೈನ್, ಪೊಟ್ಯಾಷಿಯಂ, ಬೈಕಾರ್ಬನೇಟ್. ಮೂತ್ರದ ಪಿಎಚ್. ಎರಡನೇ ಸಲ ಕಲ್ಲಾಗಿದ್ರೆ, ಅಥವಾ ಮಕ್ಕಳಿಗೆ ಆಗಿದ್ರೆ, ಅಥವಾ ಎರಡೂ ಕಿಡ್ನೀಲಿ ಇದ್ರೆ, 24 ಗಂಟೆ ಮೂತ್ರ ಕ್ಯಾನಲ್ಲಿ ಹಿಡಿದು ಕೊಡೋ ಟೆಸ್ಟೂ ಮಾಡಿಸಿ ಅಂತ ಕೇಳು. ನಾಚ್ಕೋಬೇಡ, ಐದು ಲೀಟರ್ ಕ್ಯಾನ್ ಸಾಕು.

ಅಮ್ಮ, ನಿಮ್ಮ ಪೊಟ್ಟಣ ನಾನು ತಗೊಂಡು ಹೋಗ್ಲಾ?

ಸಭೆ ಅಲ್ಲಿಗೆ ಮುಗೀತು. ಆ ಕಲ್ಲನ್ನ ಲ್ಯಾಬಿಗೆ ಕಳಿಸಿದ್ದೆ, ಇದನ್ನ ಬರೆಯೋ ಹೊತ್ತಿಗೆ ರಿಪೋರ್ಟ್ ಬಂದಿದೆ, ಬಹುಪಾಲು ಕ್ಯಾಲ್ಸಿಯಂ ಫಾಸ್ಫೇಟ್. ಅಮ್ಮ ಮಗನ ಜೊತೆ ಸೋಮವಾರ ಬಂದು ರಕ್ತ ಕೊಟ್ಟು ಹೋದ್ರು, ಕ್ಯಾಲ್ಸಿಯಂ 11.4. ಪಿಟಿಎಚ್‌ಗೆ ಸ್ಯಾಂಪಲ್ ಬೆಂಗಳೂರಿಗೆ ಹೋಗಿದೆ, ಶುಕ್ರವಾರ ಬರುತ್ತೆ ಅಂದಿದ್ದಾರೆ. ಮೊನ್ನೆ ಸಂಜೆ ಫೋನ್ ಮಾಡಿದ್ರು, ನಾನು ರಿಪೋರ್ಟ್ ಬಗ್ಗೆ ಕೇಳ್ತಾರೆ ಅಂದ್ಕೊಂಡೆ, ಇವತ್ತು ಟೊಮೇಟೊ ಸಾರು ಮಾಡಿದ್ದೆ ಡಾಕ್ಟ್ರೇ ಅಂದ್ರು.